ಕುತ್ತಿಗೆಯ ಪಾಲು

ಅವರು ತೀರಿಕೊಂಡ ಸುದ್ದಿ ಬಂದ ದಿನ ಅವ್ವ ಮುಲುಂಡಿಗೆ ಹೋಗಿ ಅತ್ತು ಬಂದಳು. ನಾನು ಹೋಗಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಇದೆ ಎಂದು ಹೇಳಿದೆ. ಪರೀಕ್ಷೆ ಇದ್ದದ್ದು ನಿಜ, ಆದರೆ ರಜೆ ಕೇಳಿದ್ದರೆ ಸಿಗುತ್ತಿತ್ತು. ನಮ್ಮ ಬೈಕುಲ್ಲಾ ಚಾಳಿನ ಹಳಬರು ಹೊಸಬರೆಲ್ಲ ಸೇರಿ ಮಾಡಿಕೊಂಡ ಒಂದು ವಾಟ್ಸಾಪ್ ಗುಂಪು ಇದೆ. ಅಂದು ಸಂಜೆಯವರೆಗೆ ಅದರಲ್ಲಿ ಕೈಮುಗಿದ ಚಿತ್ರಗಳೇ ತುಂಬಿದ್ದವು. ಇಂಥ ನ್ಯಾಯವಂತ ಮನುಷ್ಯನನ್ನು ಇನ್ನು ಕಾಣುವುದಿಲ್ಲ ಎಂದು ಒಬ್ಬರು ಬರೆದಿದ್ದರು. ಅವರ ಕಣ್ಣಳತೆಯೇ ನಮಗೆ ತಕ್ಕಡಿಯಾಗಿತ್ತು ಎಂದು ಇನ್ನೊಬ್ಬರು. ನಾನು ಏನು ಬರೆಯುತ್ತೇನೋ ಎಂದು ಎಲ್ಲರೂ ಕಾದಿರಬೇಕು, ಏಕೆಂದರೆ ಅವರ ಮುದ್ದಿನ ಹುಡುಗಿ ನಾನೇ ಎಂಬುದು ಚಾಳಿಗೆಲ್ಲ ಗೊತ್ತು. ನಾನು ಫೋನು ಮಗುಚಿಟ್ಟು ಉತ್ತರಪತ್ರಿಕೆ ತಿದ್ದುತ್ತ ಕೂತೆ. ಅಂದು ಮಕ್ಕಳಿಗೆ ಅಂಕಗಳು ಸ್ವಲ್ಪ ಕಡಿಮೆಯೇ ಬಿದ್ದವು.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಹೆಸರು ಬರೆಯುವ ಮನಸ್ಸಿಲ್ಲ.

ಅವರು ವಿಜಯಪುರದ ಕಡೆಯವರು. ಬೈಕುಲ್ಲಾದಲ್ಲೇ ಶರ್ಟು ಹೊಲಿಯುವ ಒಂದು ಕಾರಖಾನೆಯಲ್ಲಿ ಕಟಿಂಗ್ ಮಾಸ್ತರರಾಗಿದ್ದರು. ನಾಲ್ಕನೇ ನಂಬರಿನ ಖೋಲಿಯಲ್ಲಿ ಅವರು, ಅವರ ಹೆಂಡತಿ, ಮಗಳು ಸುನಂದಾ. ಒಂಬತ್ತನೇ ನಂಬರಿನಲ್ಲಿ ನಾವು. ಕಾಕಾನ ಕಿವಿಯ ಮೇಲೆ ಯಾವಾಗಲೂ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸುಣ್ಣದ ತುಂಡು ಇರುತ್ತಿತ್ತು. ಅದನ್ನು ಮರೆತು ಹಾಗೇ ಮದುವೆಮನೆಗೂ ಹೋಗಿಬಿಡುತ್ತಿದ್ದರು. ಟೇಪು ಹಿಡಿದು ಅಳತೆ ತೆಗೆದದ್ದನ್ನು ನಾನು ನೋಡಿಲ್ಲ. ಎದುರಿಗೆ ಬಂದ ಗಂಡಸನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕಾಲರ್ ಹದಿನಾಲ್ಕೂವರೆ ಎಂದು ಹೇಳಿಬಿಡುತ್ತಿದ್ದರು. ನನ್ನ ಶಾಲೆಯ ಸಮವಸ್ತ್ರವನ್ನು ಪ್ರತಿ ವರ್ಷ ಅವರೇ ಕತ್ತರಿಸುತ್ತಿದ್ದರು. ಜೂನ್ ತಿಂಗಳಲ್ಲಿ ನಾನು ಅವರ ಬಾಗಿಲಲ್ಲಿ ನಿಂತರೆ ಸಾಕು, ಎರಡು ಇಂಚು ಬೆಳೆದಿದ್ದೀ ಎನ್ನುತ್ತಿದ್ದರು. ನಾನು ಹಿರಿಹಿರಿ ಹಿಗ್ಗುತ್ತಿದ್ದೆ. ನಮ್ಮಪ್ಪನಿಗೆ ನಾನು ಎಷ್ಟನೇ ಇಯತ್ತೆ ಎಂಬುದೇ ನೆನಪಿರುತ್ತಿರಲಿಲ್ಲ.

ಚಾಳಿನಲ್ಲಿ ಅವರ ಹೆಸರು ನಿಂತದ್ದು ಬಟ್ಟೆಯಿಂದಲ್ಲ, ಪಾಲಿನಿಂದ. ಅಮಾವಾಸ್ಯೆ ಕಳೆದ ಮೊದಲ ರವಿವಾರ ಹನ್ನೊಂದು ಮನೆಯವರು ಸೇರಿ ಒಂದು ಹೋತ ಕೊಳ್ಳುತ್ತಿದ್ದೆವು. ಅದರ ಮಾಂಸವನ್ನು ಅಂಗಳದಲ್ಲಿ ಹನ್ನೊಂದು ಗುಡ್ಡೆ ಮಾಡಿ ಹಂಚುತ್ತಿದ್ದರು. ಮರಾಠಿ ಮಂದಿ ಅದನ್ನು ವಾಟಾ ಎನ್ನುತ್ತಿದ್ದರು, ನಾವು ಪಾಲು. ಎರಡು ಹೆಜ್ಜೆಗೊಂದು ಮಟನ್ ಅಂಗಡಿ ಇರುವ ಬೈಕುಲ್ಲಾದಲ್ಲಿ ಈ ಉಸಾಬರಿ ಯಾಕೆ ಎಂದು ಹೊಸಬರು ಕೇಳುತ್ತಿದ್ದರು. ನಾಲ್ಕು ದಿನ ಟ್ರಕ್ಕಿನಲ್ಲಿ ನಿಂತು ಬಂದ ಪ್ರಾಣಿಯ ಮಾಂಸ ಬಾಯಿಗೆ ಹತ್ತುವುದಿಲ್ಲ ಎಂಬುದು ಕಾಕಾನ ವಾದ. ಕಲ್ಯಾಣದ ಆಚೆ, ಶಹಾಪುರದ ಗುಡ್ಡಗಳಲ್ಲಿ ಆಡು ಸಾಕುವ ಒಬ್ಬ ಮನುಷ್ಯನನ್ನು ಅವರು ಹುಡುಕಿ ಇಟ್ಟಿದ್ದರು. ಶನಿವಾರ ಅರ್ಧ ದಿನ ರಜೆ ಹಾಕಿ, ನಮ್ಮ ಓಣಿಯ ಮಟನ್ ಅಂಗಡಿಯ ಚಾಚಾನನ್ನು ಜೊತೆಗೆ ಕರೆದುಕೊಂಡು, ಲೋಕಲ್ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಚಾಚಾನೂ ವಿಜಯಪುರದವನೇ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ಹಿಂದಿ.

ಕಾಲೇಜಿನಲ್ಲಿದ್ದಾಗ ಒಮ್ಮೆ ಹಟ ಹಿಡಿದು ನಾನೂ ಸುನಂದಾಳೂ ಅವರ ಬೆನ್ನು ಹತ್ತಿ ಹೋಗಿದ್ದೆವು. ಕಾಕಾ ದೊಡ್ಡಿಯೊಳಗೆ ಹೋಗಿ ಒಂದೊಂದು ಹೋತದ ಬೆನ್ನೆಲುಬಿನ ಮೇಲೆ ಹೆಬ್ಬೆರಳು ಆಡಿಸುತ್ತ, ತುಟಿ ಬಿಡಿಸಿ ಹಲ್ಲು ನೋಡುತ್ತ ಅಡ್ಡಾಡಿದರು. ಕೊನೆಗೆ ಒಂದರ ಕೊರಳ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಸಾಕಿದವನು ತಲೆಯಾಡಿಸಿದ. ಮಾತೇ ಇಲ್ಲ. ಬರುವಾಗ ಗಾಡಿಯಲ್ಲಿ ನಾನು, ಪಾಪ ಅನಿಸುವುದಿಲ್ಲವೇ ಕಾಕಾ, ಎಂದು ಕೇಳಿದೆ. ಅನಿಸುತ್ತದೆ, ಅದಕ್ಕೇ ಒಂದು ತುಣುಕೂ ಹಾಳಾಗಬಾರದು, ಒಂದು ಮನೆಗೂ ಅನ್ಯಾಯ ಆಗಬಾರದು ಎಂದರು. ಆ ಮಾತನ್ನು ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಡೈರಿ ಈಗಲೂ ಇದೆ. ಹರಿದು ಒಲೆಗೆ ಹಾಕೋಣವೆಂದರೆ ಮನೆಯಲ್ಲಿ ಇರುವುದು ಗ್ಯಾಸು.

ರವಿವಾರ ಬೆಳಗ್ಗೆ ಚಾಚಾ ತನ್ನ ಅಂಗಡಿಯಲ್ಲೇ ಕಡಿದು, ತುಂಡು ಮಾಡಿ, ಪಾತೇಲಿಗಳಲ್ಲಿ ತುಂಬಿಕೊಂಡು ಎಂಟು ಗಂಟೆಗೆ ಅಂಗಳಕ್ಕೆ ಬರುತ್ತಿದ್ದ. ತೊಳೆದ ತಾಡಪತ್ರಿ ಹಾಸಿ ಕಾಕಾ ಗುಡ್ಡೆ ಮಾಡುತ್ತಿದ್ದರು. ತಕ್ಕಡಿ ತಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ತಕ್ಕಡಿ ಇರಬೇಕಾದದ್ದು ಅಂಗಡಿಯಲ್ಲಿ, ಇದು ಮನೆಯವರ ವ್ಯವಹಾರ ಎನ್ನುತ್ತಿದ್ದರು. ತೊಡೆ, ಎದೆ, ಪಕ್ಕೆಲುಬು, ಕಲೀಜಾ ಎಲ್ಲವೂ ಹನ್ನೊಂದಾಗಿ ಒಡೆಯುತ್ತಿದ್ದವು. ಒಮ್ಮೆ ಯಾರೋ ಅನುಮಾನಕ್ಕೆ ಎರಡು ಗುಡ್ಡೆ ತೂಗಿ ನೋಡಿದರು. ಹೆಚ್ಚೆಂದರೆ ಒಂದು ಬೆಳ್ಳುಳ್ಳಿ ಗಡ್ಡೆಯಷ್ಟು ಫರಕು. ಆದರೆ ಎಲ್ಲವನ್ನೂ ಒಡೆಯಲು ಬರುವುದಿಲ್ಲ. ತಲೆ ಸರದಿಯ ಮೇಲೆ ಒಂದೊಂದು ತಿಂಗಳು ಒಂದೊಂದು ಮನೆಗೆ. ಗುರ್ದಾ, ಅಂದರೆ ಮೂತ್ರಪಿಂಡ, ಇರುವುದು ಎರಡೇ, ಅವನ್ನು ಅಗಲಿಸಬಾರದು, ಜೋಡಿಯಾಗಿಯೇ ಒಂದು ಗುಡ್ಡೆಗೆ ಹೋಗಬೇಕು ಎಂಬುದು ಕಾಕಾನ ಕಟ್ಟಳೆ. ಆ ಗುಡ್ಡೆಗಾಗಿ ಎಲ್ಲರೂ ಬಾಯಿ ಬಿಡುತ್ತಿದ್ದರು. ಇನ್ನೊಂದು ಗುಡ್ಡೆಗೆ ಕುತ್ತಿಗೆ ಬೀಳುತ್ತಿತ್ತು. ಬರೀ ಎಲುಬು, ನಡುನಡುವೆ ಸಿಕ್ಕಿಕೊಂಡ ಚೂರು ಮಾಂಸ. ಅದು ಯಾರಿಗೂ ಬೇಡ.

ಗುಡ್ಡೆಗಳಾದ ಮೇಲೆ ಚಾಚಾ ನಳದ ಕಡೆ ಮುಖ ಮಾಡಿ, ಎಲ್ಲರಿಗೂ ಬೆನ್ನು ತೋರಿಸಿ ನಿಲ್ಲುತ್ತಿದ್ದ. ಕಾಕಾ ತಮ್ಮ ಗಜಕಡ್ಡಿಯನ್ನು ಒಂದು ಗುಡ್ಡೆಯ ಮುಂದೆ ಇಟ್ಟು, ಇದು ಯಾರದು ಎಂದು ಕೇಳುತ್ತಿದ್ದರು. ಚಾಚಾ ತಿರುಗಿ ನೋಡದೆ ಒಂದು ಖೋಲಿಯ ನಂಬರು ಕೂಗುತ್ತಿದ್ದ. ಸಾತ್ ನಂಬರ್. ದೋ ನಂಬರ್. ಕೂಗಿದ ಮನೆಯವರು ತಟ್ಟೆ ತಂದು ಬಳಿದುಕೊಂಡು ಹೋಗಬೇಕು. ತಕರಾರಿಗೆ ಜಾಗವೇ ಇಲ್ಲ. ಯಾರಾದರೂ ಗೊಣಗಿದರೆ ಕಾಕಾ ನಗುತ್ತಿದ್ದರು.

"ಅಂವಗ ಬೆನ್ನಾಗ ಕಣ್ಣ ಅದಾವೇನು?"

ಇಷ್ಟಕ್ಕೇ ಅವರು ದೊಡ್ಡವರಾಗಲಿಲ್ಲ. ಅವರು ದೊಡ್ಡವರಾದದ್ದು ತಮ್ಮ ದುರದೃಷ್ಟದಿಂದ. ಎರಡು ತಿಂಗಳಿಗೊಮ್ಮೆಯಾದರೂ ಕುತ್ತಿಗೆಯ ಗುಡ್ಡೆಯ ಮುಂದೆ ಕಡ್ಡಿ ಬಿದ್ದಾಗ ಚಾಚಾ, ಚಾರ್ ನಂಬರ್, ಎನ್ನುತ್ತಿದ್ದ. ಅದು ಕಾಕಾನದೇ ಮನೆ. ಅಂಗಳವೆಲ್ಲ ನಗುತ್ತಿತ್ತು. ಕಾಕಾನ ಹೆಂಡತಿ ಹಣೆ ಚಚ್ಚಿಕೊಂಡು ತಟ್ಟೆ ತರುತ್ತಿದ್ದಳು. ಹಂಚುವವನ ಮನೆಗೇ ಎಲುಬು ಬಂದರೆ ಹಂಚಿಕೆಯ ಮೇಲೆ ಅನುಮಾನ ಪಡುವವರು ಯಾರು? ಜೋಡಿ ಗುರ್ದಾ ಅವರ ಮನೆಗೆ ಬಂದದ್ದನ್ನು ನಾನು ಇಪ್ಪತ್ತೇಳು ವರ್ಷದವಳಾಗುವವರೆಗೆ ಒಮ್ಮೆಯೂ ಕಂಡಿರಲಿಲ್ಲ.

ನಮ್ಮ ಮನೆಯ ನಸೀಬು ಮಾತ್ರ ಬೇರೆ ಥರ. ಅಪ್ಪ ಕೆಲಸ ಮಾಡುತ್ತಿದ್ದ ಛಾಪಖಾನೆ ಮುಚ್ಚಿಹೋದ ವರ್ಷ ಜೋಡಿ ನಮಗೆ ಮೂರು ಸಲ ಬಂತು. ನನ್ನ ತಮ್ಮ ಟೈಫಾಯ್ಡಿನಿಂದ ಎದ್ದ ತಿಂಗಳು ಮುಂಗಾಲು ಎರಡೂ ನಮ್ಮ ಪಾಲಿಗೇ ಬಂದವು, ಅವ್ವ ಸೂಪು ಮಾಡಿ ಕುಡಿಸಿದಳು. ನನಗೆ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು ಜೋಡಿ ಬಂದ ಮರುವಾರ. ಅವ್ವ ಇದನ್ನೆಲ್ಲ ಪೋಣಿಸಿ ಒಂದು ಶಾಸ್ತ್ರ ಕಟ್ಟಿಕೊಂಡಳು. ಜೋಡಿ ಬಂದರೆ ದೇವರು ಹ್ಞೂಂ ಎಂದಂತೆ. ಕುತ್ತಿಗೆ ಬಂದರೆ ಬೇಡ ಎಂದಂತೆ. ಬೇರೆ ಏನೇ ಬಂದರೂ ಇನ್ನೊಂದು ತಿಂಗಳು ಕಾಯಬೇಕು. ತಮ್ಮನಿಗೆ ಯಾವ ಕಾಲೇಜು, ಮನೆಗೆ ಫ್ರಿಜ್ಜು ತರಬೇಕೋ ಬೇಡವೋ, ಎಲ್ಲವನ್ನೂ ಪಾಲಿನ ರವಿವಾರಕ್ಕೆ ಕಟ್ಟಿಹಾಕುತ್ತಿದ್ದಳು. ಬಾಯಿ ಮುಚ್ಚಿಕೊಂಡು ಇರುವ ಜಾಯಮಾನ ಅವಳದಲ್ಲ. ನಳದ ಹತ್ತಿರ ಎಲ್ಲರಿಗೂ ಹೇಳುತ್ತಿದ್ದಳು, ಕಾಕಾನಿಗೂ ಹೇಳುತ್ತಿದ್ದಳು. ಅವರು ತಲೆಯಾಡಿಸಿ ಕೇಳುತ್ತಿದ್ದರು.

ನಾನು ಬಿ.ಎಡ್. ಮಾಡಿದವಳು, ಮಕ್ಕಳಿಗೆ ವಿಜ್ಞಾನವನ್ನೂ ಕಲಿಸುತ್ತಿದ್ದೆ. ಅವ್ವನನ್ನು ಚೇಷ್ಟೆ ಮಾಡುತ್ತಿದ್ದೆ. ಆದರೆ ಕಡ್ಡಿ ಬಿದ್ದು ನಂಬರು ಕೂಗುವ ಹೊತ್ತಿಗೆ ನನ್ನ ಎದೆಯೂ ಡವಡವ ಎನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆಮೇಲೆ ದಿನೇಶ ಬಂದ. ಮಂಗಳೂರು ಕಡೆಯವನು. ಅಂಧೇರಿಯಲ್ಲಿ ಶೂಟಿಂಗಿಗೆ ಕ್ಯಾಮೆರಾ ಬಾಡಿಗೆ ಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಶಾಲೆಯ ವಾರ್ಷಿಕೋತ್ಸವದ ವಿಡಿಯೋ ತೆಗೆಯಲು ಬಂದಿದ್ದ, ಮಕ್ಕಳಿಗಿಂತ ನನ್ನ ಚಿತ್ರವೇ ಅದರಲ್ಲಿ ಹೆಚ್ಚಾಗಿತ್ತು. ಹೆಡ್‌ಮಾಸ್ತರರು ಬೈದದ್ದು ನನ್ನನ್ನು. ಎರಡು ವರ್ಷ ನಾವು ರವಿವಾರ ಬಿಟ್ಟು ಉಳಿದ ದಿನ ಸಿಕ್ಕಲ್ಲೆಲ್ಲ ಭೇಟಿಯಾದೆವು, ಹೆಚ್ಚಾಗಿ ಲೋಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ. ಅವನ ಕನ್ನಡ ಪುಸ್ತಕದ ಕನ್ನಡ. ನಮ್ಮ ಮಾತು ಕೇಳಿ ನಗುತ್ತಿದ್ದ. ಅವನು ನಮ್ಮ ಜಾತಿಯವನಲ್ಲ ಎಂಬುದೊಂದೇ ಗೋಳು. ಅಪ್ಪ ಎಂದಿನಂತೆ ನಿಮ್ಮವ್ವನ್ನ ಕೇಳು ಎಂದ. ಅವ್ವ ಮೂರು ದಿನ ಉಣ್ಣದೆ ಮಲಗಿ, ನಾಲ್ಕನೆಯ ದಿನ ಎದ್ದು ಬಂದು ಒಂದು ಮಾತು ಹೇಳಿದಳು.

"ಜೋಡಿ ಬಂದ್ರ ಹ್ಞೂಂ. ಕುತ್ತಿಗಿ ಬಂದ್ರ ಅಂವನ ಹೆಸರ ಎತ್ತಂಗಿಲ್ಲ. ಆಣಿ ಮಾಡು."

ನಾನು ಆಣೆ ಮಾಡಿದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಆದರೆ ಆಗ ನನಗೆ ಅದು ಸುಲಭದ ದಾರಿಯಾಗಿ ಕಂಡಿತ್ತು. ನಮ್ಮ ಮನೆಗೆ ಕುತ್ತಿಗೆ ಬಂದದ್ದೇ ಇಲ್ಲ. ಜೋಡಿ ಬರುವುದು ರೂಢಿ. ಈ ತಿಂಗಳು ಬರದಿದ್ದರೆ ಮುಂದಿನ ತಿಂಗಳು ಬಂದೀತು. ದಿನೇಶನ ಅಕ್ಕ ಊರಲ್ಲಿ ಅವನಿಗೆ ಬೇರೆ ಹುಡುಗಿ ನೋಡಿಟ್ಟಿದ್ದಳು, ಸೋಮವಾರದೊಳಗೆ ಏನಾದರೂ ಹೇಳು ಎಂದು ಅವನು ಕೇಳಿದ್ದ. ಕಾಯಬೇಕು ಎಂದು ಬಂದರೂ ಕಾಯುತ್ತೇನೆ, ಬೇಡ ಎಂದರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ ಎಂದಿದ್ದ.

ಶುಕ್ರವಾರ ಕಾರಖಾನೆ ಬಿಡುವ ಹೊತ್ತಿಗೆ ಹೋಗಿ ನಾನು ಕಾಕಾನಿಗೆ ಎಲ್ಲ ಹೇಳಿದೆ. ಪಾಲು ಅವರ ಕೈಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಹಿರಿಯರಲ್ಲಿ ನಾನು ಬಾಯಿಬಿಟ್ಟು ಮಾತಾಡಬಹುದಾದವರು ಅವರೊಬ್ಬರೇ, ಆಮೇಲೆ ಅವ್ವನ ಹತ್ತಿರ ಎರಡು ಒಳ್ಳೆಯ ಮಾತು ಆಡಿಯಾರು ಎಂಬ ಆಸೆ. ಅವರು ಬಟ್ಟೆಯ ಥಾನಿನ ಮೇಲೆ ಕೂತು ಪೂರ್ತಿ ಕೇಳಿದರು. ಆಣೆಯ ವಿಷಯ ಬಂದಾಗ ಕಿವಿಯ ಮೇಲಿನ ಸುಣ್ಣ ತೆಗೆದು ಬೆರಳಲ್ಲಿ ತಿರುಗಿಸಿದರು. ಹುಡುಗನ ಅಂಗಡಿ ಎಲ್ಲಿ ಎಂದು ಕೇಳಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ಚಿಂತಿ ಮಾಡಬ್ಯಾಡವ್ವಾ. ನಾ ಅದೀನಿ."

ರವಿವಾರ ಅಂಗಳದಲ್ಲಿ ನಾನು ಹಸಿರು ಚೂಡಿದಾರ ಹಾಕಿಕೊಂಡು ನಿಂತಿದ್ದೆ, ಅಷ್ಟು ಧೈರ್ಯ. ನಾಲ್ಕೈದು ನಂಬರು ಹೋದವು. ಕಾಕಾ ಕಡ್ಡಿಯನ್ನು ಜೋಡಿಯ ಮುಂದೆ ಇಟ್ಟು, ಇದು ಯಾರದು ಎಂದರು. ಚಾಚಾ ಕೂಗಿದ, ಚಾರ್ ನಂಬರ್. ಒಂದು ಗಳಿಗೆ ಯಾರಿಗೂ ನಂಬಿಕೆಯೇ ಬರಲಿಲ್ಲ. ಆಮೇಲೆ ಅಂಗಳವೆಲ್ಲ ಚಪ್ಪಾಳೆ. ಕಾಕಾನ ನಸೀಬು ಅಂತೂ ತೆರೆಯಿತು ಎಂದು ಎಲ್ಲರೂ ಹೋ ಎಂದರು. ಜೋಡಿ ಹೋಯಿತಲ್ಲ ಎಂದು ಚುರ್ ಅಂದರೂ ನಾನು ಕೂಡ ಚಪ್ಪಾಳೆ ತಟ್ಟಿದೆ. ಇನ್ನೊಂದು ತಿಂಗಳು ತಾನೇ. ಅದಾದ ಮೇಲೆ ಕಡ್ಡಿ ಕುತ್ತಿಗೆಯ ಮುಂದೆ ಬಿತ್ತು. ಚಾಚಾ, ನೌ ನಂಬರ್, ಎಂದ.

ಅವ್ವ ತಟ್ಟೆ ತಂದು ಬಳಿದುಕೊಂಡಳು. ನನ್ನ ಮುಖ ನೋಡಲಿಲ್ಲ. ಕಾಕಾನೂ ನೋಡಲಿಲ್ಲ, ಮುಂದಿನ ಗುಡ್ಡೆಗೆ ಹೋದರು. ಸೋಮವಾರ ನಾನು ದಿನೇಶನಿಗೆ ಫೋನಿನಲ್ಲಿ ಬೇಡ ಎಂದೆ. ಕಾರಣ ಕೇಳಿದ. ಹೋತದ ಕುತ್ತಿಗೆ ಎಂದು ಹೇಗೆ ಹೇಳುವುದು? ಮನೆಯಲ್ಲಿ ಒಪ್ಪಲಿಲ್ಲ ಎಂದೆ. ಅವನು, ಒಳ್ಳೆಯದಾಗಲಿ ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ ಫೋನು ಇಟ್ಟ. ಮೂರು ವಾರದಲ್ಲಿ ಊರಲ್ಲಿ ಅವನ ನಿಶ್ಚಿತಾರ್ಥವಾಯಿತು.

ಆ ವಾರ ಕಾಕಾ ದಿನಾ ಸಂಜೆ ನಮ್ಮ ಮನೆಗೆ ಬಂದು ಕೂತರು. ನನಗೆ ಅಂತ ಬಟಾಟೆವಡೆ ತರುತ್ತಿದ್ದರು. ದೇವರ ಮನಸ್ಸಿನಲ್ಲಿ ಏನಿದೆಯೋ ಎಂದರು. ಆ ಮಾತನ್ನು ನಾನು ಹದಿನಾಲ್ಕು ವರ್ಷ ಸಮಾಧಾನ ಎಂದುಕೊಂಡು ಇಟ್ಟುಕೊಂಡಿದ್ದೆ. ಆಮೇಲೆ ನನಗೆ ಮದುವೆಯಾಗಲಿಲ್ಲ. ಬಂದ ಸಂಬಂಧಗಳಿಗೆಲ್ಲ ನಾನೇ ಏನಾದರೊಂದು ಕೊಂಕು ತೆಗೆದೆ. ಇದನ್ನು ಓದಿ ಯಾರೂ ಅಯ್ಯೋ ಎನ್ನಬೇಕಾಗಿಲ್ಲ, ನನ್ನ ಶಾಲೆ, ನನ್ನ ಸಂಬಳ, ನನ್ನ ನಾಲಗೆ ಮೂರೂ ಚೆನ್ನಾಗಿ ನಡೆದಿವೆ. ಆದರೆ ದೇವರೇ ಬೇಡ ಎಂದ ಮೇಲೆ ಮನುಷ್ಯರ ಹತ್ತಿರ ಜಗಳ ಯಾಕೆ ಎಂದು ನಾನು ಸುಮ್ಮನಾದದ್ದು ನಿಜ. ಯಾರ ಮೇಲೂ ಸಿಟ್ಟಿರಲಿಲ್ಲ. ಅದೇ ನನ್ನ ದೊಡ್ಡ ಆಸ್ತಿಯಾಗಿತ್ತು.

ಸುನಂದಾಳ ಮದುವೆಯಾಗಿ ಅವಳು ಮುಲುಂಡಿಗೆ ಹೋದಳು. ಹೆಂಡತಿ ತೀರಿಕೊಂಡ ಮೇಲೆ ಕಾಕಾನೂ ಮಗಳ ಮನೆ ಸೇರಿದರು. ಅವರು ಹೋದ ಮೇಲೆ ಪಾಲು ಎರಡು ತಿಂಗಳೂ ನಡೆಯಲಿಲ್ಲ. ಮೊದಲ ತಿಂಗಳೇ ಗುಡ್ಡೆಗಾಗಿ ಒಬ್ಬರ ಮೇಲೊಬ್ಬರು ಕೈ ಮಾಡುವ ಮಟ್ಟಕ್ಕೆ ಜಗಳ ಹೋಯಿತು. ಕಾಕಾ ಇಲ್ಲದೆ ನ್ಯಾಯವೂ ಹೋಯಿತು ಎಂದು ನಾವೆಲ್ಲ ಮಾತಾಡಿಕೊಂಡೆವು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಚಾಚಾನ ಅಂಗಡಿಗೆ ಹೋಗಿದ್ದೆ. ಗಿರಾಕಿಗಳಿರಲಿಲ್ಲ. ಅವನಿಗೂ ವಯಸ್ಸಾಗಿದೆ, ಮಗ ಕತ್ತಿ ಹಿಡಿಯುತ್ತಾನೆ, ಇವನು ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಊರ ಸುದ್ದಿ ಹೇಳುತ್ತಾನೆ. ಪಾಲಿನ ಮಾತು ಬಂತು. ಈಗ ಯಾರಿಗೂ ನಂಬಿಕೆ ಇಲ್ಲ ಚಾಚಾ, ನೀನು ಬೆನ್ನು ತಿರುಗಿಸಿ ನಿಂತರೆ ಸಾಕಿತ್ತು ಎಂದೆ. ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ನಾ ಬರೇ ಬೆನ್ನ ಮಾಡಿ ನಿಂದರತಿದ್ದೆ ಬೇಟಿ. ನಂಬರೆಲ್ಲಾ ಕಾಕಾನ ಹೇಳಿಕೊಡತಿದ್ರು, ಅಂಗಡ್ಯಾಗ ಚಾ ಕುಡಿಯೂ ಮುಂದ. ಯಾದ್ ಇಟಗೊಂಡು ಅದ ಸಾಲಿಲೆ ಕೂಗೂದ ನನ್ನ ಕೆಲಸ."

ಅವನು ಹೊಗಳಿಕೆಯೆಂದೇ ಹೇಳಿದ್ದು. ನನಗೆ ಗೊತ್ತೇ ಇದೆ ಎಂದುಕೊಂಡಿದ್ದ. ಯಾವ ನಂಬರು ಆದ ಮೇಲೆ ಯಾವ ನಂಬರು ಬರುತ್ತದೆ ಎಂದು ಕಾಕಾನಿಗೆ ಮೊದಲೇ ಗೊತ್ತು, ಗುಡ್ಡೆಗಳು ಅವರ ಕಣ್ಣ ಮುಂದೆಯೇ ಇವೆ, ಬೇಕಾದ ಗುಡ್ಡೆಯ ಮುಂದೆ ಕಡ್ಡಿ ಇಟ್ಟರೆ ಆಯಿತು. ಬಾಣಂತಿ ಇದ್ದ ಮನೆಗೆ ಕಾಲು, ಕಷ್ಟ ಬಂದ ಮನೆಗೆ ಜೋಡಿ, ಸಿಕ್ಕಾಪಟ್ಟೆ ಹಾರಾಡಿದವರಿಗೆ ಕುತ್ತಿಗೆ, ಯಾರಿಗೂ ಕೊಡಲಾಗದಿದ್ದರೆ ಅದನ್ನು ತಾವೇ ಇಟ್ಟುಕೊಳ್ಳುತ್ತಿದ್ದರು ಎಂದು ಚಾಚಾ ಒಂದೊಂದಾಗಿ ಹೇಳುತ್ತ ಹೋದ. ನಾನು ಅರ್ಧ ಕಿಲೋ ಮಟನ್ನಿನ ಚೀಲವನ್ನು ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಮನೆಗೆ ಬಂದೆ.

ಎರಡು ದಿನ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ಕೆಲಸ ಹೋದ ವರ್ಷದ ಆ ಮೂರು ಜೋಡಿಗಳು ನಸೀಬಲ್ಲ, ಕನಿಕರ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಆ ರವಿವಾರ? ಶುಕ್ರವಾರ ತಲೆಯ ಮೇಲೆ ಕೈಯಿಟ್ಟು ನಾನಿದ್ದೇನೆ ಎಂದ ಮನುಷ್ಯ ರವಿವಾರ ಅದೇ ಕೈಯಿಂದ ಕಡ್ಡಿ ಇಟ್ಟಿದ್ದರು. ಜಾತಿಯ ಕಾರಣವೇ ಇರಬೇಕು ಎಂದುಕೊಂಡೆ. ಅಪ್ಪನೋ ಅವ್ವನೋ ಹೋಗಿ ಹೇಳಿರಬಹುದು. ಹುಡುಗನಲ್ಲಿ ಏನೋ ಖೋಡಿ ಕಂಡು ನನ್ನನ್ನು ಉಳಿಸಿರಬಹುದು ಎಂದೂ ಒಮ್ಮೆ ಅನಿಸಿತು. ಅವರಿಗೆ ಏನಾದರೂ ಒಂದು ಕಾರಣ ಇದ್ದೇ ಇರಬೇಕಿತ್ತು. ಅದನ್ನು ಕೇಳಿ ಬಯ್ದೋ ಅತ್ತೋ ಬರೋಣವೆಂದು ರವಿವಾರ ಮುಲುಂಡಿನ ಗಾಡಿ ಹತ್ತಿದೆ.

ಅವರು ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕಣ್ಣು ಮಾತ್ರ ಹಾಗೇ ಇತ್ತು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಎರಡು ಇಂಚು ದಪ್ಪ ಆಗಿದ್ದೀ ಎಂದರು. ಸುನಂದಾ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು, ಅವಳ ಗಂಡ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿದ್ದ. ನಾನು ಬಾಗಿಲು ಅರ್ಧ ಮುಚ್ಚಿ, ಚಾಚಾ ಹೇಳಿದ್ದನ್ನು ಹೇಳಿದೆ. ಅವರು ಗಾಬರಿಯಾಗಲಿಲ್ಲ. ಹೇಳಿದನೇನು ಎಂದು ನಕ್ಕರು. ಹನ್ನೊಂದು ಮನೆಯನ್ನು ಅಷ್ಟು ವರ್ಷ ಜಗಳವಿಲ್ಲದೆ ನಡೆಸಿದೆ, ನಸೀಬಿನ ಮೇಲೆ ಬಿಟ್ಟಿದ್ದರೆ ಆಗುತ್ತಿತ್ತೇ ಎಂದು ನನ್ನನ್ನೇ ಕೇಳಿದರು. ಅದರಲ್ಲಿ ಹೆಮ್ಮೆ ಇತ್ತು. ನನ್ನ ಮೆಚ್ಚುಗೆಗಾಗಿ ಕಾಯುತ್ತಿದ್ದರು.

ದಿನೇಶ ನಿಮಗೆ ಬೇಡವಾಗಿದ್ದನೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಶನಿವಾರ ಶಹಾಪುರಕ್ಕೆ ಚಾಚಾನನ್ನು ಒಬ್ಬನೇ ಕಳಿಸಿ, ತಾವು ಅಂಧೇರಿಗೆ ಹೋಗಿ ಅವನ ಅಂಗಡಿಯ ಎದುರು ಒಂದು ತಾಸು ನಿಂತು ನೋಡಿ ಬಂದಿದ್ದರಂತೆ. ಒಳ್ಳೆಯ ಹುಡುಗ, ಕೆಲಸದಲ್ಲಿ ಕೈ ಚೊಕ್ಕ, ನಿನಗೆ ಸರಿಯಾಗಿದ್ದ ಎಂದರು. ಮತ್ತೆ ಯಾಕೆ ಕಾಕಾ ಎಂದೆ.

"ಆ ರವಿವಾರ ಸುನಂದಾನ್ನ ನೋಡಾಕ ಬೀಗರು ಬಂದಿದ್ರವ್ವಾ. ಅವತ್ತ ಮುಂಜಾನೆ ಫೋನ್ ಮಾಡಿ ಬರ್ತೀವಂದ್ರು. ಅವರಿಗೆ ಕುತ್ತಿಗಿ ಎಲುಬ ಬಡಸಾಕ ಆಕ್ಕಿತ್ತೇನು?"

ಆ ತಿಂಗಳ ಕುತ್ತಿಗೆ ಅವರ ಮನೆಗೇ ಹೋಗಬೇಕಿತ್ತಂತೆ, ಜೋಡಿ ನಮಗೆ. ಚಹಾ ಕುಡಿಯುವಾಗ ಚಾಚಾನಿಗೆ ಹೇಳಿಕೊಟ್ಟಿದ್ದ ನಂಬರುಗಳ ಸಾಲನ್ನು ಹಾಗೆಯೇ ಬಿಟ್ಟು, ಕಡ್ಡಿಯನ್ನು ಮಾತ್ರ ಅದಲುಬದಲು ಮಾಡಿದ್ದರು. ಇನ್ನೂ ಒಂಬತ್ತು ಮನೆಗಳಿದ್ದವಲ್ಲ ಕಾಕಾ ಎಂದೆ. ಕುತ್ತಿಗೆಯನ್ನು ಅವರಲ್ಲಿ ಯಾರಿಗಾದರೂ ಹಾಕಿ, ನಮಗೆ ಬೇರೆ ಯಾವುದಾದರೂ ಗುಡ್ಡೆ ಕೊಟ್ಟಿದ್ದರೆ, ನಾನು ಇನ್ನೊಂದು ತಿಂಗಳು ಕಾಯುತ್ತಿದ್ದೆ. ದಿನೇಶನೂ ಕಾಯುತ್ತಿದ್ದ.

"ಅವರೆಲ್ಲಾ ಕೇಳೂ ಮಂದಿ. ನಿನಗ ಜೋಡಿ, ನಮಗ ಎಲುಬಾ ಅಂತಿದ್ರು. ಬೀಗರ ಮುಂದ ಜಗಳ ಬ್ಯಾಡಾಗಿತ್ತು. ನಿಮ್ಮನಿಯವರು ಎಂದೂ ಏನೂ ಅಂದವರಲ್ಲ."

ನಾನು ಶುಕ್ರವಾರ ಬಂದು ಹೇಳಿದ್ದು ಕಡ್ಡಿ ಇಡುವಾಗ ನೆನಪಿತ್ತೇ ಎಂದು ಕೇಳಿದೆ. ಮರೆತಿದ್ದೆ ಎಂದು ಅವರು ಹೇಳಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಮಗಳ ಗಡಿಬಿಡಿಯಲ್ಲಿ ಮರೆತಿರಬೇಕು ಎಂದು ನಾನೇ ಮಾತು ಹೊಂದಿಸಿಕೊಡುತ್ತಿದ್ದೆ. ಅವರು ಸುಳ್ಳು ಹೇಳಲಿಲ್ಲ. ಆ ಒಂದು ಸಲವಾದರೂ ಹೇಳಬಹುದಿತ್ತು.

"ನೆನಪಿತ್ತವ್ವಾ. ಅದಕ್ಕ ಮುಂದಿನ ತಿಂಗಳ ಜೋಡಿ ನಿಮಗ ಕೊಟ್ಟಿನಲ್ಲ. ಸರಿ ಮಾಡಿದ್ನಿಲ್ಲೋ?"

ಕೊಟ್ಟಿದ್ದರು. ದಿನೇಶನ ನಿಶ್ಚಿತಾರ್ಥದ ಸುದ್ದಿ ಬಂದ ಮರುವಾರದ ಪಾಲು ಅದು. ಕಡ್ಡಿ ಜೋಡಿಯ ಮುಂದೆ ಬಿದ್ದಾಗ ಚಾಚಾ, ನೌ ನಂಬರ್, ಎಂದು ಕೂಗಿದ್ದ. ಅವ್ವ ಆ ಎರಡು ಗುರ್ದಾಗಳನ್ನು ಕಣ್ಣಿಗೊತ್ತಿಕೊಂಡು ಒಳಗೆ ತಂದು, ಮೆಣಸು ಉಪ್ಪು ಹಾಕಿ ಹುರಿದು, ತಮ್ಮನಿಗೂ ಕೊಡದೆ ಎರಡನ್ನೂ ನನ್ನ ತಟ್ಟೆಗೆ ಹಾಕಿದ್ದಳು. ನೋಡು, ಆ ಹುಡುಗನನ್ನು ಬಿಟ್ಟದ್ದು ಒಳ್ಳೆಯದಾಯಿತು ಎಂದು ದೇವರೇ ಹೇಳಿದ ಎಂದಿದ್ದಳು. ನಾನು ನಂಬಿದೆ. ಎರಡನ್ನೂ ತಿಂದೆ. ತಿಂದು ಕೈ ತೊಳೆದುಕೊಂಡು ನಾಲ್ಕನೇ ನಂಬರಿಗೆ ಹೋಗಿ, ಸುನಂದಾಳ ಮದುವೆಯ ಸೀರೆಗಳಿಗೆ ಸಂಜೆಯವರೆಗೆ ಕೂತು ಫಾಲ್ ಹಚ್ಚಿಕೊಟ್ಟೆ.

ಕಾಕಾ ಇನ್ನೂ ನನ್ನ ಮುಖ ನೋಡುತ್ತಿದ್ದರು. ಅಳತೆ ಸರಿಹೋಯಿತೇ ಎಂದು ಗಿರಾಕಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ನಮ್ಮ ಮನೆಯವರು ಎಂದೂ ಏನೂ ಅಂದವರಲ್ಲ.

"ಇಲ್ಲ ಕಾಕಾ. ಸರಿ ಆಗಲಿಲ್ಲ."

ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚುತ್ತ, ಬಿಚ್ಚುತ್ತ ಕೂತರು. ಆಮೇಲೆ ಸುನಂದಾಳನ್ನು ಕರೆದು, ಇವಳಿಗೆ ಊಟಕ್ಕೆ ಬಡಿಸು ಎಂದರು. ಅವಳು ಆಗಲೇ ತಟ್ಟೆ ಇಟ್ಟಿದ್ದಳು, ರೊಟ್ಟಿ, ಮಟನ್ ಸಾರು, ಉಳ್ಳಾಗಡ್ಡಿ. ವಾಸನೆ ಕೋಣೆಯವರೆಗೆ ಬಂದಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅವಳು ಬಾಗಿಲವರೆಗೆ ಬಂದು, ಇಷ್ಟು ದೂರ ಬಂದು ಉಣ್ಣದೇ ಹೋಗುತ್ತೀಯಾ, ಯಾಕೆ ಎಂದು ಕೈ ಹಿಡಿದು ಕೇಳಿದಳು. ಹಸಿವಿಲ್ಲ ಎಂದೆ.

ಬೆಳಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ.